ನಾವು ನೋಡದ ಗೋಲುಗಳು

ನಮ್ಮ ಕಾಲೇಜಿನ ಫುಟ್‌ಬಾಲ್ ತಂಡ ಪೆನಾಲ್ಟಿಯಲ್ಲಿ ಹಾಕುವ ಗೋಲುಗಳನ್ನು ನಮ್ಮ ಕಾಲೇಜಿನವರು ನೋಡುವುದಿಲ್ಲ. ರೆಫ್ರಿ ಸೀಟಿ ಊದಿ ಬಿಳಿ ಚುಕ್ಕೆಯ ಕಡೆಗೆ ಕೈ ತೋರಿಸಿದ ಕೂಡಲೇ ನಾವೆಲ್ಲ ಎದ್ದು ನಿಂತು ಮೈದಾನಕ್ಕೆ ಬೆನ್ನು ಹಾಕುತ್ತೇವೆ. ಚೆಂಡು ಒದೆಯುವವನನ್ನು ಬಿಟ್ಟು, ಆಡುತ್ತಿರುವ ನಮ್ಮ ಉಳಿದ ಹತ್ತು ಮಂದಿಯೂ ತಿರುಗಿ ನಿಲ್ಲುತ್ತಾರೆ. ಗೋಲು ಕಾಯುವ ಎದುರಿನ ಗೋಲಿಯ ಕೈಗೆ ತಾಗಿ ಚೆಂಡು ವಾಪಸು ಚಿಮ್ಮಿದರೆ ಅದನ್ನು ಒದೆಯಲು ನಮ್ಮ ಕಡೆಯ ಒಬ್ಬ ನರಪಿಳ್ಳೆಯೂ ಇರುವುದಿಲ್ಲ. ಇದು ಶುದ್ಧ ಪೆದ್ದುತನ ಎಂದು ಹೇಳಿದ ಕೋಚುಗಳು ಬಂದರು, ಹೋದರು. ನಾವು ತಿರುಗುವುದನ್ನು ಬಿಡಲಿಲ್ಲ.

ಇದು ಹೇಗೆ ಶುರುವಾಯಿತು ಎಂದು ಕೇಳಿದರೆ ನಮ್ಮವರು ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ. ನಾನು ನಂಬುವುದು ಗಣಿತದ ಲೆಕ್ಚರರ ಕಥೆಯನ್ನು. ಅವರಿಗೆ ಎದೆನೋವು. ಆಟ ನೋಡಲೇಬೇಡಿ ಎಂದು ಡಾಕ್ಟರು ಹೇಳಿದ್ದರೂ ಕೇಳುವ ಜನ ಅಲ್ಲ. ಪೆನಾಲ್ಟಿ ಸಿಕ್ಕಿದಾಗ ಮಾತ್ರ ಧೈರ್ಯ ಸಾಲದೆ ಲೈಬ್ರರಿಯ ಗೋಡೆಗೆ ಮುಖ ಮಾಡಿ ನಿಂತರಂತೆ, ಗೋಲಾಯಿತು. ಮುಂದಿನ ಆಟಕ್ಕೆ ಅವರು ರಜೆ. ಇಡೀ ಕಾಲೇಜು ಕಣ್ಣು ಬಿಟ್ಟುಕೊಂಡು ನೋಡಿತು, ಚೆಂಡು ಕಂಬದ ಮೇಲಿಂದ ಹಾರಿ ಹೊಳೆಗೆ ಬಿತ್ತು. ಅದರ ನಂತರ ಎಲ್ಲರೂ ಅವರ ಜೊತೆ ಗೋಡೆ ನೋಡತೊಡಗಿದರಂತೆ. ಲೆಕ್ಕ ಕಲಿಸುವವರಿಂದಲೇ ಇಂಥದ್ದು ಶುರುವಾಯಿತು ಎನ್ನುವುದು ನನಗೆ ಬಹಳ ಇಷ್ಟ.

ನೋಡದ ಗೋಲಿನ ಬಗ್ಗೆ ತಿಳಿಯುವುದು ಹೇಗೆ? ಅದಕ್ಕೂ ಒಂದು ಕ್ರಮ ಉಂಟು. ಚೆಂಡು ಒದ್ದವನು ಹೇಳುವ ಹಾಗಿಲ್ಲ. ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ನಮ್ಮಲ್ಲಿ ಮರ್ಯಾದೆಯಲ್ಲ. ಗೋಲು ತಿಂದ ಗೋಲಿಯೇ ಹೇಳಬೇಕು. ಆಟ ಮುಗಿದ ಮೇಲೆ ಅವನನ್ನು ನಮ್ಮ ಕಡೆಗೆ ಕರೆದು, ಒಂದು ಲೋಟ ಪುನರ್ಪುಳಿ ಶರಬತ್ತು ಕೈಗೆ ಕೊಟ್ಟು, ಸುತ್ತ ನಿಂತು ಎಲ್ಲರೂ ಒಟ್ಟಿಗೆ ತುಳುವಿನಲ್ಲಿ ಕೇಳುತ್ತೇವೆ: "ಎಂಚ ಪೋಂಡು?" ಹೇಗೆ ಹೋಯಿತು ಎಂದು. ಅವನು ಹೇಳಿದ್ದೇ ಇತಿಹಾಸ. ಎದುರಾಳಿಗಳ ಬಾಯಿಂದ ಬಂದದ್ದನ್ನೇ ನಮ್ಮ ಚರಿತ್ರೆ ಎಂದು ಒಪ್ಪಿಕೊಂಡ ಬೇರೆ ತಂಡ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ.

ಎದುರಾಳಿಗಳು ಎಂದರೆ ಹೊಳೆಯಾಚೆಯ ಕಾಲೇಜಿನವರು. ಕರಾವಳಿಯಲ್ಲಿ ನಮಗೆ ಆಡಲು ಬೇರೆ ಕಾಲೇಜುಗಳೂ ಇದ್ದವು, ಆದರೆ ಸೋತರೆ ಅನ್ನ ಸೇರದಂತಾಗುತ್ತಿದ್ದುದು ಇವರ ಎದುರು ಮಾತ್ರ. ಅವರು ಕಡವಿನ ದೋಣಿಯಲ್ಲಿ ಬರುತ್ತಿದ್ದರು. ದೋಣಿ ಅರ್ಧ ಹೊಳೆ ದಾಟುವಾಗಲೇ ಅವರ ಕೂಗು ನಮ್ಮ ಕ್ಲಾಸುಗಳಿಗೆ ಕೇಳುತ್ತಿತ್ತು. ಆಮೇಲೆ ಪಾಠ ಮಾಡುವ ಆಸೆ ಯಾವ ಲೆಕ್ಚರರಿಗೂ ಉಳಿಯುತ್ತಿರಲಿಲ್ಲ. ಮುರಕಲ್ಲಿನ ಕೆಂಪು ನೆಲದ ಮೈದಾನ. ಬಿದ್ದವನ ಮೊಣಕಾಲು ತಿಂಗಳುಗಟ್ಟಲೆ ಕೆಂಪಾಗಿರುತ್ತಿತ್ತು, ರಕ್ತ ಯಾವುದು ಮಣ್ಣು ಯಾವುದು ಎಂದು ಅವನ ತಾಯಿಗೂ ತಿಳಿಯುತ್ತಿರಲಿಲ್ಲ. ಗೆಲ್ಲಲಿ ಸೋಲಲಿ, ಆಟ ಮುಗಿದ ಮೇಲೆ ಬಂದವರನ್ನು ಹೊಳೆಯವರೆಗೆ ಕಳಿಸಿಕೊಟ್ಟು ದೋಣಿಯನ್ನು ನೀರಿಗೆ ತಳ್ಳಿಯೇ ನಾವು ಹಿಂದೆ ಬರಬೇಕು. ಎಷ್ಟೋ ಸಲ ಬೈದುಕೊಂಡೇ ತಳ್ಳಿದ್ದೇವೆ.

ನಮ್ಮ ಜೆರ್ಸಿ ಹಳದಿ. ಮೊದಲು ಯಾವನೋ ಅಗ್ಗದ ಬಣ್ಣದಲ್ಲಿ ಅದ್ದಿಕೊಟ್ಟದ್ದಂತೆ. ಮಳೆ ಬಂದರೆ ಬಣ್ಣ ಇಳಿದು ಹುಡುಗರ ಕುತ್ತಿಗೆ, ತೋಳು ಎಲ್ಲ ಹಳದಿ. ಅರಶಿನ ಹಚ್ಚಿಕೊಂಡು ಮದುಮಕ್ಕಳು ಬಂದರು ನೋಡಿ ಎಂದು ಆಚೆಯವರು ಹಂಗಿಸಿದರು. ನಾವು ಅದನ್ನೇ ಬಿರುದು ಮಾಡಿಕೊಂಡು ಇಂದಿಗೂ ಮೆರೆಯುತ್ತೇವೆ. ಈಗ ಬಣ್ಣ ಬಿಡದ ಒಳ್ಳೆಯ ಬಟ್ಟೆಯ ಜೆರ್ಸಿ ಬಂದಿದೆ. ಆದರೂ ಆಟಕ್ಕೆ ಇಳಿಯುವ ಮುಂಚೆ ಹಳೆಯ ಕ್ಯಾಪ್ಟನ್ ಒಬ್ಬರು ಪ್ರತಿಯೊಬ್ಬನ ಕುತ್ತಿಗೆಗೂ ಒಂದಿಷ್ಟು ಅರಶಿನ ಹಚ್ಚಲೇಬೇಕು.

ಆ ಕಾಲದಲ್ಲಿ ಹುಡುಗಿಯರು ಮೊದಲ ಮಹಡಿಯ ಕಾರಿಡಾರಿನಿಂದ ಆಟ ನೋಡಬೇಕೆಂದು ಯಾರೂ ಬರೆದಿಡದ ಒಂದು ನಿಯಮ ಇತ್ತು. ಮೇಲಿನಿಂದ ಆಟ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಗೋಲಿ ಹೇಳುವ ಕಥೆ ಕೇಳುತ್ತಿರಲಿಲ್ಲ. ಕೊನೆಯ ವರ್ಷ ನನಗೆ ತಡೆಯಲಾಗಲಿಲ್ಲ. ಇಬ್ಬರು ಗೆಳತಿಯರ ಕೈ ಹಿಡಿದು ಎಳೆದುಕೊಂಡು ಇಳಿದೇಬಿಟ್ಟೆ. ಗೆಳತಿಯರು ಅರ್ಧ ಮೆಟ್ಟಿಲಲ್ಲೇ ವಾಪಸು ಓಡಿದರು. ನಾನು ಹುಡುಗರ ಗುಂಪನ್ನು ಸೀಳಿಕೊಂಡು ಮುಂದೆ ಹೋಗಿ ನಿಂತೆ.

ಸಾಧಾರಣವಾಗಿ ಗೋಲು ತಿಂದವರು, "ಹೋಯ್ತು ಮಾರಾಯ್ರೆ, ಎಂಥ ಹೇಳುದು" ಎಂದು ಶರಬತ್ತು ಕುಡಿದು ಜಾಗ ಖಾಲಿ ಮಾಡುತ್ತಿದ್ದರು. ಅವತ್ತಿನ ಗೋಲಿ ಹಾಗೆ ಮಾಡಲಿಲ್ಲ. ತಲೆ ಒದ್ದೆ, ಮೈಯೆಲ್ಲ ಕೆಂಪು ಧೂಳು. ಲೋಟವನ್ನು ಪಕ್ಕದವನ ಕೈಗೆ ಕೊಟ್ಟು ಎರಡೂ ಕೈ ಬಿಡುವು ಮಾಡಿಕೊಂಡ. "ಅವನ ಕಾಲು ಹೇಳಿತು ಎಡಕ್ಕೆ ಅಂತ. ಅವನ ಕಣ್ಣು ಹೇಳಿತು ಬಲಕ್ಕೆ ಅಂತ. ನಾನು ಕಣ್ಣನ್ನು ನಂಬಿದೆ. ಕೆಟ್ಟೆ! ಆದ್ರೂ ಬಿಡ್ಲಿಲ್ಲ, ಹಾರಿದೆ. ಬಾಲ್ ಈ ಬೆರಳಿಗೆ ತಾಗಿ, ಕಂಬಕ್ಕೆ ಟಣ್ ಅಂತ ಬಡಿದು, ಒಳಗೆ ಹೋಯ್ತು. ಅಂಥ ಬಾಲ್ ಹಿಡಿಯುವವ ಇನ್ನೂ ಹುಟ್ಟಿಲ್ಲ ಮಾರಾಯ್ರೆ." ಗೋಲು ಹಾಕಿದ ನಮ್ಮ ಹುಡುಗ ನಾಚಿ ತಲೆ ತಗ್ಗಿಸಿದ. ತಾನು ಸೋತದ್ದನ್ನು ಅಷ್ಟು ಚಂದ ಮಾಡಿ ಹೇಳುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಟಣ್ ಶಬ್ದವೇ ಕಿವಿಯಲ್ಲಿತ್ತು.

ನಾನು ಆ ಗೋಲಿಯನ್ನೇ ಮದುವೆಯಾದೆ. ಮನೆಯವರು ಬೇಗ ಒಪ್ಪಿದರು. ಕಾಲೇಜಿನವರನ್ನು ಒಪ್ಪಿಸುವುದರಲ್ಲಿ ಸಾಕುಬೇಕಾಯಿತು. ಹುಡುಗಿಯನ್ನು ಹೊಳೆಯಾಚೆಗೆ ಕೊಟ್ಟದ್ದಕ್ಕೆ ನಮ್ಮವರು ಇವರನ್ನು ಅಂದಿನಿಂದ ಭಾವ ಎಂದೇ ಕರೆಯುತ್ತಾರೆ. ಅಲ್ಲಿಯವರಿಗೆ ನಾನು ಅತ್ತಿಗೆ. ಆದರೆ ಮದುವೆಯ ದಿನವೇ ನಾನು ಒಂದು ಮಾತು ಖಂಡಿತ ಮಾಡಿದ್ದೆ. ಸೀರೆ, ಊಟ, ಮನೆದೇವರು ಎಲ್ಲದರಲ್ಲೂ ನಿಮ್ಮ ಕಡೆ ಸೇರುತ್ತೇನೆ, ಫುಟ್‌ಬಾಲಿನಲ್ಲಿ ಮಾತ್ರ ಇಲ್ಲ ಎಂದು.

ಆಮೇಲೆ ಬಂದದ್ದು ಅಬುಧಾಬಿಗೆ. ಹಮ್ದಾನ್ ಸ್ಟ್ರೀಟಿನ ಹಿಂದೆ ಒಂದು ಶೇರಿಂಗ್ ಫ್ಲಾಟಿನ ಒಂದು ಕೋಣೆ ನಮ್ಮ ಸಂಸಾರ. ಅಡುಗೆಮನೆಯಲ್ಲಿ ಮೂರು ಮನೆಯವರ ಒಗ್ಗರಣೆ. ಎರಡೂ ಕಾಲೇಜಿನ ಹುಡುಗರು ಅಲ್ಲಿ ಇಲ್ಲಿ ಆಫೀಸು, ಆಸ್ಪತ್ರೆ, ಹೋಟೆಲು ಎಂದು ಚದುರಿಕೊಂಡಿದ್ದರು. ಒಬ್ಬರನ್ನೊಬ್ಬರು ಹುಡುಕಿಕೊಂಡದ್ದು ಜಗಳಕ್ಕೆ. ತರಕಾರಿ ಅಂಗಡಿಯಲ್ಲಿ ಇವರನ್ನು ಕಂಡ ನಮ್ಮ ಹಳೆಯ ಕ್ಯಾಪ್ಟನ್, ಯೋಗಕ್ಷೇಮ ಕೇಳುವ ಮೊದಲು, "ಅವತ್ತಿನದ್ದು ಆಫ್‌ಸೈಡ್ ಅಲ್ಲ ಭಾವ" ಎಂದು ಶುರು ಮಾಡಿದರಂತೆ. ಆ ಚರ್ಚೆ ಮುಗಿಸಲು ಒಂದು ಆಟವನ್ನೇ ಇಡಬೇಕಾಯಿತು.

ಮೊದಮೊದಲು ಆಡಿದ್ದು ಕಟ್ಟಡಗಳ ನಡುವಿನ ಖಾಲಿ ಮರಳಿನ ಜಾಗದಲ್ಲಿ. ಅಲ್ಲಿ ನಿಲ್ಲಿಸಿದ ಕಾರುಗಳ ಮಾಲೀಕರನ್ನು ಹುಡುಕಿ, ಸಲಾಂ ಹೊಡೆದು, ಗಾಡಿ ತೆಗೆಸಬೇಕಿತ್ತು. ಶುಕ್ರವಾರ ರಜೆ. ನಮ್ಮ ಕ್ರಿಶ್ಚಿಯನ್ ಹುಡುಗರು ಬೆಳಗ್ಗೆ ಚರ್ಚಿನ ಪೂಜೆ ಮುಗಿಸಿ ಬರಬೇಕು, ಬ್ಯಾರಿ ಹುಡುಗರು ಮಧ್ಯಾಹ್ನ ನಮಾಜು ಮುಗಿಸಿ ಬರಬೇಕು, ಉಳಿದವರು ಊಟ ಮಾಡಿ ನಿದ್ದೆಯಿಂದ ಏಳಬೇಕು. ಹಾಗಾಗಿ ಆಟ ಬಿಸಿಲು ಇಳಿದ ಮೇಲೆ. ಮರಳಲ್ಲಿ ಚೆಂಡು ಉರುಳುವುದಿಲ್ಲ, ಒದ್ದಲ್ಲೇ ಹೂತುಕೊಳ್ಳುತ್ತದೆ. ಆದರೂ ಎಂಥ ಖುಷಿ ಇತ್ತು! ಊರಿನಿಂದ ಬರುವವರ ಪೆಟ್ಟಿಗೆಯಲ್ಲಿ ಒಣಗಿಸಿದ ಪುನರ್ಪುಳಿ ಸಿಪ್ಪೆ ತರಿಸಿ, ಬಕೆಟ್ಟಿನಲ್ಲಿ ನೆನೆಹಾಕಿ, ಕಲೆ ಹೋಗದೆ ಬಕೆಟ್ಟೇ ಕೆಂಪಾಗಿ ಹೋಗಿತ್ತು. ಆಗ ನಮಗೆ ಬೇರೆ ಹೋಗಲು ಜಾಗವೂ ಇರಲಿಲ್ಲ, ಬೇಕು ಅಂತಲೂ ಅನಿಸಿರಲಿಲ್ಲ.

ಇವರ ಕೆಲಸ ಜೆಬೆಲ್ ಅಲಿಗೆ ಬದಲಾದಾಗ ನಾವು ದುಬೈಗೆ ಬಂದೆವು. ನನಗೆ ಜುಮೇರಾ ಲೇಕ್ಸ್ ಟವರ್ಸ್‌ನ ಒಂದು ಆಫೀಸಿನಲ್ಲಿ ಕೆಲಸ ಸಿಕ್ಕಿತು. ಆಟವೂ ನಮ್ಮ ಹಿಂದೆಯೇ ಬಂತು. ಈಗ ವರ್ಷಕ್ಕೊಮ್ಮೆ, ಚಳಿಗಾಲದಲ್ಲಿ, ಒಂದು ಶಾಲೆಯ ಮೈದಾನವನ್ನು ಬಾಡಿಗೆಗೆ ಹಿಡಿಯುತ್ತೇವೆ. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು. ಬಿದ್ದರೆ ಕೆಂಪಾಗುವುದಿಲ್ಲ, ಕಪ್ಪು ರಬ್ಬರಿನ ಚೂರು ಮೈಗೆ ಅಂಟುತ್ತದೆ. ವಾರದ ರಜೆ ಶುಕ್ರವಾರದಿಂದ ಭಾನುವಾರಕ್ಕೆ ಹೋದ ವರ್ಷ ಆಟ ಯಾವಾಗ ಎಂದು ವಾಟ್ಸ್ಯಾಪ್ ಗುಂಪಿನಲ್ಲಿ ಹೊಡೆದಾಟವೇ ನಡೆಯಿತು. ದೋಣಿ ಇಲ್ಲದ ಕಾರಣ ಆಟ ಮುಗಿದ ಮೇಲೆ ಆಚೆಯವರನ್ನು ಪಾರ್ಕಿಂಗಿನವರೆಗೆ ನಡೆಸಿಕೊಂಡು ಹೋಗಿ, ಅವರ ಕಾರಿನ ಹಿಂಬದಿಗೆ ಕೈಯಿಟ್ಟು ತಳ್ಳಿದಂತೆ ಮಾಡುತ್ತೇವೆ. ಸೆಕ್ಯೂರಿಟಿಯವರು ಮೊದಲ ವರ್ಷ ಬ್ಯಾಟರಿ ಡೌನ್ ಎಂದುಕೊಂಡು ಸಹಾಯಕ್ಕೆ ಓಡಿ ಬಂದಿದ್ದರು.

ಬೆನ್ನು ಹಾಕುವ ಕ್ರಮಕ್ಕೆ ಮಾತ್ರ ನಾನು ಯಾವ ಸಡಿಲವನ್ನೂ ಬಿಟ್ಟಿಲ್ಲ. ಇಲ್ಲಿ ಲೈಬ್ರರಿಯ ಗೋಡೆ ಇಲ್ಲ, ತಂತಿಬೇಲಿ, ಅದರಾಚೆ ನಿಂತ ಕಾರುಗಳು. ಪೆನಾಲ್ಟಿಯ ಹೊತ್ತಿಗೆ ಎರಡೂ ಕಡೆಯವರು ಫೋನ್ ಕೆಳಗಿಡಬೇಕೆಂದು ಒಪ್ಪಂದ ಮಾಡಿಸಿದವಳು ನಾನೇ. ಒಂದು ವರ್ಷ ನಮ್ಮ ಹೊಸ ಹುಡುಗರು ಬೆನ್ನು ಹಾಕಿದಂತೆ ಮಾಡಿ ಸೆಲ್ಫಿ ಕ್ಯಾಮರಾದಲ್ಲಿ ಹಿಂದಿನದ್ದನ್ನು ನೋಡುತ್ತಿದ್ದರು. ಫೋನ್ ಕಿತ್ತು ನನ್ನ ಬ್ಯಾಗಿಗೆ ಹಾಕಿಕೊಂಡೆ. ಕನ್ನಡಿಯಲ್ಲಿ ನೋಡಿದರೂ ನೋಡಿದ ಹಾಗೆಯೇ, ಅದರಲ್ಲಿ ವಾದ ಬೇಡ. ರೆಫ್ರಿಯ ಸೀಟಿ ನಿಲ್ಲುವ ಮುಂಚೆ, "ಯಲ್ಲಾ, ತಿರುಗಿ!" ಎಂದು ನಾನು ಇಲ್ಲಿಯ ಅರಬ್ಬಿ ಸೇರಿಸಿ ಒಮ್ಮೆ ಕೂಗಿದರೆ ಮ್ಯಾನೇಜರುಗಳು, ನರ್ಸುಗಳು, ಬಾಣಸಿಗರು, ಅವರವರ ಮಕ್ಕಳು, ಎಲ್ಲ ಗರಕ್ಕನೆ ತಿರುಗಬೇಕು. "ಅಮ್ಮಾ, ಯು ಆರ್ ಲೈಕ್ ಅ ಟ್ರಾಫಿಕ್ ಪೊಲೀಸ್" ಎಂದು ಮಗಳು ಗೊಣಗುತ್ತಾಳೆ. ಗೊಣಗುತ್ತಲೇ ತಿರುಗುತ್ತಾಳೆ.

ಇವರು ಆಚೆಯ ತಂಡದ ಗೋಲಿಯಾಗಿಯೇ ಉಳಿದರು. ಹೊಟ್ಟೆ ಬಂತು, ಕೂದಲು ಹೋಯಿತು, ಗೋಲಿನ ಕಂಬದ ನಡುವಿನ ಜಾಗ ಯಾರಿಗೂ ಬಿಟ್ಟುಕೊಡಲಿಲ್ಲ. ನಮ್ಮವರು ಹೊಡೆದ ಪೆನಾಲ್ಟಿಗಳಲ್ಲಿ ಎಷ್ಟನ್ನು ತಿಂದರೋ ಅಷ್ಟೇ ಹಿಡಿದಿದ್ದಾರೆ ಎಂದು ಅವರ ಕಡೆಯವರು ಹೇಳುತ್ತಾರೆ. ನನಗೆ ಅದು ಶಬ್ದದಿಂದ ಮಾತ್ರ ಗೊತ್ತು. ಬೇಲಿ ನೋಡುತ್ತಾ ನಿಂತಿರುವಾಗ ಬೆನ್ನ ಹಿಂದೆ ಚೆಂಡು ಗ್ಲೌಸಿಗೆ ಬಡಿದ ಶಬ್ದ ಬರುತ್ತದೆ, ಆಮೇಲೆ ಅವರ ಕಡೆಯ ಕೇಕೆ. ನಾವು ಮುಖ ಸಣ್ಣದು ಮಾಡಿಕೊಂಡು ತಿರುಗುತ್ತೇವೆ. ತಿಂದ ಗೋಲಿಗೆ ಶರಬತ್ತು ಉಂಟು, ಪ್ರಶ್ನೆ ಉಂಟು. ಹಿಡಿದ ಪೆನಾಲ್ಟಿಗೆ ಎರಡೂ ಇಲ್ಲ.

ಮನೆಗೆ ಬಂದ ಮೇಲೆ ಇವರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಮೆಲ್ಲಗೆ ಶುರು ಮಾಡುತ್ತಿದ್ದರು. "ಇವತ್ತು ನಿಮ್ಮವ ಎಡಕ್ಕೆ ಹೊಡೆದ ಅಲ್ವಾ, ನಾನು ಎಂಥ ಮಾಡಿದೆ ಗೊತ್ತುಂಟಾ..."

"ಹಿಡಿದದ್ದನ್ನು ಕೇಳುವ ಕ್ರಮ ನಮ್ಮಲ್ಲಿಲ್ಲ" ಎಂದು ನಾನು ಪಾತ್ರೆ ತೊಳೆಯಲು ಎದ್ದು ಹೋಗುತ್ತಿದ್ದೆ. ಇವರು ನಗುತ್ತಿದ್ದರು. ಇದು ನಮ್ಮಿಬ್ಬರ ನಡುವಿನ ತಮಾಷೆ ಎಂದೇ ನಾನು ತಿಳಿದಿದ್ದೆ.

ಹೋದ ಚಳಿಗಾಲಕ್ಕೆ ಇವರ ಸರ್ವಿಸ್ ಮುಗಿಯಿತು. ಅರವತ್ತು ತುಂಬಿದ ಮೇಲೆ ಕಂಪನಿ ವೀಸಾ ಮುಂದುವರಿಸಲಿಲ್ಲ. ನಾನೂ ರಾಜೀನಾಮೆ ಕೊಟ್ಟೆ. ಹಾಲಿನಲ್ಲಿ ಕಾರ್ಗೊ ಡಬ್ಬಗಳು ಕಾಲಿಡಲು ಜಾಗ ಬಿಡದೆ ಕೂತಿದ್ದವು. ಮೊಣಕಾಲಿನ ಚಿಪ್ಪು ಸವೆದಿದೆ, ಇನ್ನು ಆಟ ಖಲಾಸ್ ಎಂದು ಡಾಕ್ಟರು ಹೇಳಿಯಾಗಿತ್ತು. ಆದರೂ ಕೊನೆಯ ಆಟದಲ್ಲಿ ಅರ್ಧ ಹೊತ್ತಾದರೂ ನಿಲ್ಲುತ್ತೇನೆ ಎಂದು ಇವರು ಹಟ ಹಿಡಿದಿದ್ದರು. ಅವರ ಕಡೆಯವರಿಗೂ ಬೇಡ ಎನ್ನುವ ಧೈರ್ಯ ಇರಲಿಲ್ಲ. ಆಟದ ಹಿಂದಿನ ಸಂಜೆ ಡಬ್ಬಕ್ಕೆ ಟೇಪು ಸುತ್ತುತ್ತಿದ್ದಾಗ ಇವರು ಗ್ಲೌಸ್ ಹಾಕಿಕೊಂಡು ನೋಡುತ್ತಾ ಕೇಳಿದರು.

"ನಾಳೆ ಪೆನಾಲ್ಟಿ ಸಿಕ್ಕಿದ್ರೆ ಒಂದು ಸಲ ನೋಡ್ತೀಯಾ?"

"ಯಾರಿಗೆ ಸಿಕ್ಕಿದ್ರೆ?"

"ನಿಮಗೆ."

"ನಿಮಗೆ ತಲೆ ಸರಿ ಉಂಟಾ?" ಎಂದೆ. ನಿಜಕ್ಕೂ ಸಿಟ್ಟು ಬಂದಿತ್ತು. "ನಾನು ನೋಡಿ, ಬಾಲ್ ಹೊರಗೆ ಹೋಗಿ, ನಮ್ಮವರು ಸೋಲ್ಬೇಕಾ? ಕೊನೇ ಆಟ ಗೆಲ್ಲುದಕ್ಕೆ ಹೆಂಡ್ತಿಯನ್ನು ಹಿಡ್ಕೊಳ್ಳುದಾ?"

"ಗೆಲ್ಲುದು ಬೇಡ ಮಾರಾಯ್ತಿ. ನಾನು ಇಷ್ಟು ವರ್ಷ ಹಿಡಿದದ್ದು ಒಂದನ್ನೂ ನೀನು ನೋಡ್ಲಿಲ್ಲ. ತಿರುಗಿ ನೋಡಿದ್ರೆ ಬರೀ ಬೆನ್ನು. ಎಲ್ಲರ ಬೆನ್ನು ಇರ್ಲಿ, ಅದರಲ್ಲಿ ನಿನ್ನದು ಯಾವುದು ಅಂತ ನನಗೆ ಗೊತ್ತಾಗ್ತದೆ. ಒಂದೇ ಒಂದು ನೋಡು ಅಂತ ಅಷ್ಟೆ."

"ಆಗುದಿಲ್ಲ" ಎಂದೆ.

ಇವರು ಗ್ಲೌಸ್ ಕಳಚಿ ಚೀಲಕ್ಕೆ ಹಾಕಿದರು. ಈ ಸಲ ನಗಲಿಲ್ಲ. ನನಗೆ ಅಂದು ಊಟ ರುಚಿಸಲಿಲ್ಲ. ಇಷ್ಟು ವರ್ಷ ತಮಾಷೆ ಎಂದುಕೊಂಡದ್ದು ಇವರಿಗೆ ತಮಾಷೆಯಾಗಿರಲಿಲ್ಲ ಎಂದು ತಿಳಿದು ಬೇಸರವಾಯಿತು. ಬೇಸರವಾದರೂ ಹೂಂ ಎನ್ನಲು ಬಾಯಿ ಬರಲಿಲ್ಲ. ನಾನು ಕಾಲೇಜು ಬಿಟ್ಟು ಬಂದೆ, ಊರು ಬಿಟ್ಟು ಬಂದೆ, ಈಗ ಇಲ್ಲಿಂದಲೂ ಹೊರಟಿದ್ದೇನೆ. ಎಲ್ಲ ಕಡೆಯೂ ನನ್ನ ಜೊತೆ ಬಂದದ್ದು ಈ ಒಂದು ಹುಚ್ಚು ಮಾತ್ರ. ಅದನ್ನು ಕೊನೆಯ ದಿನ ನಾನೇ ಮುರಿಯುವುದು ಹೇಗೆ?

ಮರುದಿನ ಸಂಜೆ ಯಾವ ವರ್ಷವೂ ಬರದಷ್ಟು ಜನ ಬಂದಿದ್ದರು. ಭಾವನ ಕೊನೆಯ ಆಟ ಎಂದು ಶಾರ್ಜಾದಿಂದ, ಅಬುಧಾಬಿಯಿಂದ ನಮ್ಮವರೇ ಹೆಚ್ಚು ಬಂದಿದ್ದರು. ಹಿತವಾದ ಚಳಿ, ಮೇಲೆ ದೀಪ ಆಗಲೇ ಹತ್ತಿತ್ತು. ಹಳೆಯ ಕ್ಯಾಪ್ಟನ್ ನಮ್ಮ ಆಟಗಾರರ ಕುತ್ತಿಗೆಗೆ ಅರಶಿನ ಹಚ್ಚುತ್ತಾ ಬಂದು, ಎದುರು ತಂಡದ ಇವರ ಕುತ್ತಿಗೆಗೂ ಒಂದಿಷ್ಟು ಬಳಿದುಬಿಟ್ಟರು. "ಇದು ಮೋಸ" ಎಂದು ಇವರು ಕೂಗಿದರು, ಎಲ್ಲರೂ ನಕ್ಕರು. ನಾನು ನಗಲಿಲ್ಲ, ಬಕೆಟ್ಟಿನ ಹತ್ತಿರ ನಿಂತು ಶರಬತ್ತಿಗೆ ಉಪ್ಪು ಹಾಕುತ್ತಿದ್ದೆ.

ಮೊದಲರ್ಧದಲ್ಲಿ ಎರಡೂ ಕಡೆ ಒಂದೊಂದು ಗೋಲು. ಎರಡನೆಯ ಅರ್ಧಕ್ಕೆ ಇವರು ಗೋಲಿನಲ್ಲಿ ನಿಂತರು. ನಮ್ಮವರು ಪಾಪ, ಭಾವನ ಮೊಣಕಾಲು ನೆನೆದು ದೂರದಿಂದಲೇ ಮೆಲ್ಲಗೆ ಒದೆಯುತ್ತಿದ್ದರು. ನನಗೆ ಅದು ಕಂಡು ಮೈ ಉರಿಯಿತು. "ಹೊಡೀರಿ ಮಾರಾಯ್ರೆ, ಇದೆಂಥ ಮದುವೆ ಮನೆಯಾ?" ಎಂದು ಕೂಗಿದೆ. ಆಟ ಇನ್ನೇನು ಮುಗಿಯಬೇಕು, ನಮ್ಮವನೊಬ್ಬ ಒದ್ದ ಚೆಂಡು ಆಚೆಯ ತಂಡದ ಹೊಸ ಡಿಫೆಂಡರನ ಕೈಗೆ ಬಡಿಯಿತು. ಈಚೆಗಷ್ಟೇ ಜೆಬೆಲ್ ಅಲಿಯ ಒಂದು ಗೋದಾಮಿಗೆ ಕೆಲಸಕ್ಕೆ ಬಂದ ಹುಡುಗ ಅವನು, ನಮ್ಮ ಆಟಕ್ಕೆ ಇದೇ ಮೊದಲ ಸಲ. ರೆಫ್ರಿ ಸೀಟಿ ಊದಿ ಬಿಳಿ ಚುಕ್ಕೆ ತೋರಿಸಿದರು.

"ಯಲ್ಲಾ, ತಿರುಗಿ!" ನನ್ನ ಗಂಟಲು ತಾನಾಗಿಯೇ ಕೂಗಿತು. ಎಲ್ಲರೂ ತಿರುಗಿದರು. ನಾನೂ ತಿರುಗಿದೆ. ಎದುರಿಗೆ ಬೇಲಿ, ಕಾರುಗಳು, ಅದರಾಚೆ ರಸ್ತೆಯ ದೀಪಗಳು. ಬೆನ್ನ ಹಿಂದೆ ಇವರು ಗ್ಲೌಸ್ ಹಾಕಿದ ಕೈಗಳನ್ನು ಒಂದಕ್ಕೊಂದು ತಟ್ಟಿದ ಶಬ್ದ ಕೇಳಿತು. ಪೆನಾಲ್ಟಿಗೆ ನಿಲ್ಲುವ ಮುಂಚೆ ಯಾವಾಗಲೂ ಹಾಗೆ ತಟ್ಟುತ್ತಾರೆ. ಆ ಶಬ್ದ ಇನ್ನು ನಾನು ಕೇಳುವುದಿಲ್ಲ ಎನ್ನುವುದು ಆಗ ತಲೆಗೆ ಹೋಯಿತು. ಟಿಕೆಟ್ ಮಾಡಿದಾಗ ಹೋಗಿರಲಿಲ್ಲ, ಡಬ್ಬ ಕಟ್ಟುವಾಗಲೂ ಹೋಗಿರಲಿಲ್ಲ.

ನಾನು ತಿರುಗಿದೆ.

ನಮ್ಮವರಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಬೇಲಿ ನೋಡುತ್ತಿರುವಾಗ ನನ್ನನ್ನು ಹಿಡಿಯಬೇಕಾದವಳು ನಾನೊಬ್ಬಳೇ. ಆ ಎರಡು ಕಂಬಗಳ ನಡುವೆ ನಿಂತಿದ್ದ ಮನುಷ್ಯ ನಮ್ಮ ಮನೆಯಲ್ಲಿರುವವರಿಗಿಂತ ಎಷ್ಟೋ ಚಿಕ್ಕವರಂತೆ ಕಂಡರು. ಮೊಣಕಾಲಿಗೆ ಕಪ್ಪು ಪಟ್ಟಿ, ಜೆರ್ಸಿಯ ಮೇಲೆ ಹೊಟ್ಟೆ, ಕುತ್ತಿಗೆಯಲ್ಲಿ ನಮ್ಮ ಅರಶಿನ. ಚೆಂಡನ್ನು ನೋಡುತ್ತಿದ್ದವರು ಅಭ್ಯಾಸಬಲದಿಂದ ಒಮ್ಮೆ ನಮ್ಮ ಕಡೆ ಕಣ್ಣು ಹಾಯಿಸಿದರು. ಸಾಲು ಬೆನ್ನುಗಳ ನಡುವೆ ನನ್ನ ಮುಖ ಕಂಡಿತು. ಕಂಡು ಹಾಗೆಯೇ ನಿಂತುಬಿಟ್ಟರು.

ಅಷ್ಟರಲ್ಲಿ ನಮ್ಮವನು ಓಡಿ ಬಂದ. ಇನ್ಶೂರೆನ್ಸ್ ಆಫೀಸಿನ ಮ್ಯಾನೇಜರು, ಅವನಿಗೂ ಪ್ರಾಯವಾಗಿದೆ. ಕೊನೆಯ ಹೆಜ್ಜೆಯಲ್ಲಿ ಬೂಟು ಜಾರಿ ಚೆಂಡು ಅರ್ಧಂಬರ್ಧ ತಾಗಿ ನೆಲದ ಮೇಲೆ ಮೆಲ್ಲಗೆ ಉರುಳತೊಡಗಿತು. ನಮ್ಮ ಮಗಳು ಅಂಬೆಗಾಲಿಡುತ್ತಿದ್ದಾಗ ಹಿಡಿಯಬಹುದಾಗಿದ್ದ ಚೆಂಡು ಅದು. ಇವರು ಗಾಬರಿಯಿಂದ ಬಗ್ಗಿದರು. ಮೊಣಕಾಲು ಬಗ್ಗಲಿಲ್ಲ. ಒಂದು ಕೈ ನೆಲಕ್ಕೆ ಊರಿ, ಇನ್ನೊಂದು ಕೈ ಚಾಚಿ, ದೊಪ್ಪನೆ ಕೂತುಬಿಟ್ಟರು. ಚೆಂಡು ಇವರ ಕೈಗೆ ಒಂದು ಗೇಣು ಆಚೆಯಿಂದ ಹೋಗಿ, ಗೆರೆ ದಾಟಿ, ಬಲೆಗೂ ತಾಗದೆ ನಿಂತಿತು. ನಾನು ತಿರುಗದೆ ಇದ್ದಿದ್ದರೆ ಹಿಡಿಯುತ್ತಿದ್ದರೋ ಏನೋ. ಅದನ್ನು ನಾನು ಇವತ್ತಿಗೂ ಯೋಚಿಸುತ್ತೇನೆ.

ಆಚೆಯವರು ಯಾರೂ ಕೂಗಲಿಲ್ಲ. ರೆಫ್ರಿಯ ಸೀಟಿ ಕೇಳಿ ನಮ್ಮವರು ಗೋಲಾಯಿತೆಂದು ತಿರುಗುವ ಮುಂಚೆ ನಾನು ಮುಖವನ್ನು ಬೇಲಿಯ ಕಡೆ ಮಾಡಿಕೊಂಡಿದ್ದೆ. ಪಕ್ಕದವರು ಅಪ್ಪಿಕೊಂಡು ಕುಣಿದರು. ನನ್ನ ಕಣ್ಣಲ್ಲಿ ನೀರು ಕಂಡು, "ಅಕ್ಕನಿಗೆ ಖುಷಿ ತಡೀಲಿಕ್ಕೆ ಆಗ್ತಾ ಇಲ್ಲ" ಎಂದರು. ನೋಡಿದರೂ ಗೋಲಾಗುತ್ತದೆ ಎಂದು ನಮ್ಮ ಕಾಲೇಜಿನಲ್ಲಿ ತಿಳಿದವಳು ನಾನೊಬ್ಬಳೇ ಆಗಿದ್ದೆ. ನನಗೆ ಅದರಿಂದ ಯಾವ ಸುಖವೂ ಆಗಲಿಲ್ಲ. ಜೀವಮಾನದಲ್ಲಿ ಒಮ್ಮೆ ನೋಡು ಎಂದು ಕೇಳಿದ್ದರು, ನಾನು ನೋಡಿದ್ದು ಇದನ್ನು.

ಆಟ ಮುಗಿಯಿತು. ನಾವು ಗೆದ್ದಿದ್ದೆವು. ಇವರನ್ನು ಇಬ್ಬರು ಭುಜ ಹಿಡಿದು ನಮ್ಮ ಕಡೆಗೆ ಕರೆತಂದರು. ಹಳೆಯ ಕ್ಯಾಪ್ಟನ್ ಲೋಟ ಕೊಟ್ಟರು. ಎರಡೂ ಕಾಲೇಜಿನವರು ಸುತ್ತ ನಿಂತಿದ್ದರು. ಎಲ್ಲರೂ ಸೇರಿ ಕೇಳಿದರು, "ಎಂಚ ಪೋಂಡು ಭಾವಾ?"

ಇವರು ಲೋಟವನ್ನು ಪಕ್ಕದವನ ಕೈಗೆ ಕೊಟ್ಟು ಎರಡೂ ಕೈ ಬಿಡುವು ಮಾಡಿಕೊಂಡರು. ನನ್ನ ಕಡೆ ನೋಡಲಿಲ್ಲ. "ಬುಲೆಟ್ ಮಾರಾಯ್ರೆ!" ಎಂದರು. "ಈ ಇನ್ಶೂರೆನ್ಸಿನವರ ಕಾಲಲ್ಲಿ ಇಷ್ಟು ಜೋರುಂಟು ಅಂತ ನನಗೆ ನೆನಪೇ ಇರ್ಲಿಲ್ಲ. ಮೇಲಿನ ಮೂಲೆಗೆ ಬಂತು. ನಾನೂ ಬಿಡ್ಲಿಲ್ಲ, ಹಾರಿದೆ. ಬೆರಳ ತುದಿಗೆ ತಾಗಿತು..." ನಮ್ಮವರು ಕಣ್ಣರಳಿಸಿ ಕೇಳುತ್ತಿದ್ದರು. ಗೋಲು ಹಾಕಿದವನು ತನ್ನ ಬೂಟಿನ ದಾರ ನೋಡುತ್ತಿದ್ದ. ಇಷ್ಟು ವರ್ಷ ಇವರು ನಮಗೆ ಕೊಟ್ಟ ಗೋಲುಗಳಲ್ಲಿ ಎಷ್ಟು ಹೀಗೆಯೇ ಇದ್ದಿರಬಹುದು ಎಂದು ನನಗೆ ಮೊದಲ ಸಲ ಅನುಮಾನ ಬಂತು.

"ಎಂಥ ಬುಲೆಟ್ ಅಣ್ಣಾ?" ಆಚೆಯ ಹೊಸ ಹುಡುಗ ನಗುತ್ತಾ ಕೇಳಿದ. ಅವನಿಗೆ ನಮ್ಮ ಕ್ರಮ ಗೊತ್ತಿರಲಿಲ್ಲ, ಕೆಟ್ಟ ಮನಸ್ಸೂ ಇರಲಿಲ್ಲ. "ಬಾಲ್ ಉರುಳಿಕೊಂಡು ಹೋದದ್ದಲ್ವಾ? ನೀವು ಕೂತ್ಕೊಂಡದ್ದಲ್ವಾ?"

ಆಚೆಯವರು ನೆಲ ನೋಡಿದರು. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇವರ ಕೈ ಮೇಲಿನ ಮೂಲೆಯನ್ನು ತೋರಿಸುತ್ತಾ ಗಾಳಿಯಲ್ಲೇ ನಿಂತಿತ್ತು. ಕಥೆ ಹೇಳುವಾಗ ಇವರಿಗೆ ಮಾತು ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಬುಲೆಟ್ಟೇ" ಎಂದೆ ನಾನು.

ಎಲ್ಲರೂ ನನ್ನ ಕಡೆ ತಿರುಗಿದರು. ಹಳೆಯ ಕ್ಯಾಪ್ಟನ್ ಮೆಲ್ಲಗೆ ಕೇಳಿದರು, "ನಿನಗೆ ಹೇಗೆ ಗೊತ್ತು ತಂಗೀ?"

"ನಾನು ನೋಡಿದೆ" ಎಂದೆ. "ನೀವೆಲ್ಲ ತಿರುಗಿದ್ರಿ, ನಾನು ತಿರುಗ್ಲಿಲ್ಲ. ಕಣ್ಣಾರೆ ನೋಡಿದೆ. ಮೇಲಿನ ಮೂಲೆಗೇ ಹೋದದ್ದು."

ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು. ನನ್ನಿಂದ ಫೋನ್ ಕಿತ್ತಿಸಿಕೊಂಡಿದ್ದ ಹುಡುಗರು ನನ್ನನ್ನೇ ನೋಡುತ್ತಿದ್ದರು. ಹೊಳೆಯಾಚೆಯವರಿಗೆ ನಾನು ಹೇಳಿದ್ದು ಸುಳ್ಳೆಂದು ಗೊತ್ತಿತ್ತು, ನಮ್ಮವರಿಗೆ ನಾನು ಕ್ರಮ ಮುರಿದೆನೆಂದು ಗೊತ್ತಾಗಿತ್ತು. ನಾನು ಎರಡೂ ಕಡೆಯವರ ಮುಖ ನೋಡಲಾರದೆ ಇವರನ್ನೇ ನೋಡುತ್ತಾ ನಿಂತೆ. ಇವರು ಗಾಳಿಯಲ್ಲಿದ್ದ ಕೈಯನ್ನು ನಿಧಾನಕ್ಕೆ ಇಳಿಸಿ, ಕುಂಟುತ್ತಾ ಒಂದು ಹೆಜ್ಜೆ ನನ್ನ ಹತ್ತಿರ ಬಂದರು.

"ಬೆರಳು ತಾಗಿದ್ದು ಕಂಡಿತಾ?" ಎಂದು ಕೇಳಿದರು.

"ಕಂಡಿತು" ಎಂದೆ.